ಬ್ಲಿಂಕನ್‌ಲೈಟ್ಸ್: ಇದು ಯಾವ ಊರಿನ ಜರ್ಮನ್?

ಪ್ರಶ್ನೆ: ಸರ್ವರ್, ರೂಟರ್‌ಗಳ ಮೇಲೆ ಮಿಣುಕುವ ದೀಪಗಳಿಗೆ ಹಳೆಯ ಎಂಜಿನಿಯರುಗಳು ‘ಬ್ಲಿಂಕನ್‌ಲೈಟ್ಸ್’ ಅನ್ನುವುದನ್ನು ಕೇಳಿದ್ದೇನೆ. ಇದು ಜರ್ಮನ್ ಪದವೇ? ಬಂದದ್ದು ಎಲ್ಲಿಂದ?

ಉತ್ತರ: ಜರ್ಮನ್ನಿನ ವೇಷ ಹಾಕಿದ ಇಂಗ್ಲಿಷ್ ತಮಾಷೆ ಇದು. ಮಿಣುಕುದೀಪಕ್ಕೆ ಜರ್ಮನ್ನರು ‘ಬ್ಲಿಂಕ್‌ಲಿಷ್ಟ್’ ಅನ್ನುತ್ತಾರೆ. ‘ಬ್ಲಿಂಕನ್’ ಅವರಲ್ಲಿರುವ ಕ್ರಿಯಾಪದವೇ, ಆದರೆ ಅದಕ್ಕೆ ‘ಲೈಟ್ಸ್’ ಎಂಬ ಬಾಲ ಅಂಟಿಸಿದವರು ಇಂಗ್ಲಿಷ್ ಆಡುವ ಕಂಪ್ಯೂಟರ್ ಮಂದಿ.

ಎರಡನೇ ಮಹಾಯುದ್ಧದ ದಿನಗಳಲ್ಲೂ ಆಮೇಲೂ ಮಿತ್ರರಾಷ್ಟ್ರಗಳ ಯಂತ್ರಾಗಾರಗಳ ಗೋಡೆಗಳ ಮೇಲೆ ಹುಸಿ ಜರ್ಮನ್ ಫಲಕಗಳು ತೂಗುತ್ತಿದ್ದವು. ಇಂಗ್ಲಿಷ್ ಪದದ ಕೊನೆಗೊಂದು ‘ಎನ್’ ಸೇರಿಸಿದರೆ ಜರ್ಮನ್ ಆಯಿತು, ವ್ಯಾಕರಣ ಅಷ್ಟೇ! 1950ರ ದಶಕದಲ್ಲಿ ಅಂಥದ್ದೇ ಫಲಕ ಅಮೆರಿಕದ ಕಂಪ್ಯೂಟರ್ ಕೋಣೆಗಳಿಗೆ ನುಗ್ಗಿತು. 1960ರ ದಶಕದ ಆರಂಭಕ್ಕೆ ಲಂಡನ್ ವಿಶ್ವವಿದ್ಯಾಲಯದ ಅಟ್ಲಾಸ್ ಎಂಬ ಕಂಪ್ಯೂಟರಿನ ಬಳಿಯೂ ಕಾಣಿಸಿಕೊಂಡಿತ್ತು. ‘ಆಖ್ಟುಂಗ್!’ (ಎಚ್ಚರಿಕೆ!) ಎಂಬ ಗದರಿಕೆಯೊಂದಿಗೆ ಅದು ಶುರುವಾಗುತ್ತದೆ. ತಾತ್ಪರ್ಯ ಇಷ್ಟು: ನೋಡಲು ಬಂದ ತಂತ್ರ ತಿಳಿಯದವರೇ, ಯಂತ್ರಕ್ಕೆ ಬೆರಳು ಹಾಕಬೇಡಿ, ಕೈ ಜೇಬಿನಲ್ಲಿರಲಿ, ಸುಮ್ಮನೆ ನಿಂತು ‘ಬ್ಲಿಂಕನ್‌ಲಿಷ್ಟನ್’ ನೋಡಿ. ಆ ಕಡೆಯ ಪದವೇ ಸವೆದು ನಿಮ್ಮ ಕಿವಿಗೆ ಬಿದ್ದಿರುವುದು.

ಆ ಹಳೆಯ ಕಂಪ್ಯೂಟರುಗಳ ಮುಂಭಾಗದ ದೀಪಗಳು ಬರೀ ಶೋಕಿಗಲ್ಲ. ಒಂದೊಂದು ದೀಪ ಒಂದೊಂದು ಬಿಟ್, ಅಂದರೆ ಮಾಹಿತಿಯ ಅತಿ ಚಿಕ್ಕ ತುಣುಕು: ಹೊತ್ತಿದರೆ ಒಂದು, ಆರಿದರೆ ಸೊನ್ನೆ. 1975ರ ಆಲ್ಟೇರ್ 8800 ಎಂಬ ಪುಟ್ಟ ಕಂಪ್ಯೂಟರನ್ನೇ ನೋಡಿ. ಪರದೆ, ಕೀಲಿಮಣೆ ಜೊತೆಗೆ ಬರುತ್ತಿರಲಿಲ್ಲ. ಮುಂಭಾಗದಲ್ಲಿ ಮೆಮೊರಿಯ ವಿಳಾಸಕ್ಕೆ 16 ದೀಪ, ದತ್ತಾಂಶಕ್ಕೆ 8, ಕೆಳಗೆ ಸ್ವಿಚ್ಚುಗಳ ಸಾಲು. ಪ್ರೋಗ್ರಾಂ ನಿಂತುಹೋದರೆ ಎಲ್ಲಿ ನಿಂತಿದೆ ಎಂಬುದನ್ನು ದೀಪ ನೋಡಿಯೇ ಓದಬಹುದಿತ್ತು. ಸುತ್ತಿದಲ್ಲೇ ಸುತ್ತುತ್ತಿದ್ದರೆ ಒಂದೇ ವಿನ್ಯಾಸ ಮತ್ತೆ ಮತ್ತೆ ಬರುತ್ತಿತ್ತು, ಪಳಗಿದ ಕಣ್ಣಿಗೆ ಅಷ್ಟು ಸಾಕು. ಪ್ರೊಸೆಸರ್‌ಗಳ ವೇಗ ಏರಿದಂತೆ ಕಣ್ಣಿಗೆ ಕಾಣುವುದು ಮಂದ ಬೆಳಕಷ್ಟೇ ಆಯಿತು. ಪರದೆಗಳೂ ಬಂದವು, ದೀಪದ ಫಲಕಗಳು ಮೂಲೆ ಸೇರಿದವು. ನನ್ನ ಮಟ್ಟಿಗೆ ಆ ಪದ ಸಲ್ಲಬೇಕಾದ್ದು ಈ ಹಳೆಯ ದೀಪಗಳಿಗೇ.

ತಮಾಷೆಯೆಂದರೆ ಜರ್ಮನ್ನರೂ ಈ ಕಳ್ಳ ಪದವನ್ನು ಒಪ್ಪಿಕೊಂಡರು. 2001ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಹ್ಯಾಕರುಗಳ ಸಂಘವಾದ ಕೇಯಾಸ್ ಕಂಪ್ಯೂಟರ್ ಕ್ಲಬ್ ತನ್ನ 20ನೇ ವರ್ಷಕ್ಕೆಂದು ಬರ್ಲಿನ್ನಿನ ಅಲೆಕ್ಸಾಂಡರ್‌ಪ್ಲಾಟ್ಸ್‌ನ ಕಟ್ಟಡವೊಂದರ 144 ಕಿಟಕಿಗಳ ಹಿಂದೆ ದೀಪ ಇಟ್ಟು, ಇಡೀ ಗೋಡೆಯನ್ನೇ ಪರದೆ ಮಾಡಿತು. ದಾರಿಹೋಕರು ಮೊಬೈಲಿನಿಂದ ಅದರ ಮೇಲೆ ಪಾಂಗ್ ಎಂಬ ಹಳೆಯ ವಿಡಿಯೋ ಆಟ ಆಡಬಹುದಿತ್ತು. ಯೋಜನೆಯ ಹೆಸರು ಬ್ಲಿಂಕನ್‌ಲೈಟ್ಸ್.

ಈಗ ಆ ಮಾತು ಹೆಚ್ಚಾಗಿ ಅನ್ವಯಿಸುವುದು ನೀವು ಹೇಳಿದ ಸರ್ವರ್, ರೂಟರ್, ಮೋಡೆಮ್‌ಗಳಿಗೆ. ಸಾಮಾನ್ಯವಾಗಿ ಸ್ಥಿರವಾಗಿ ಉರಿದರೆ ಸಂಪರ್ಕ ಇದೆ, ಮಿಣುಕಿದರೆ ದತ್ತಾಂಶ ಓಡಾಡುತ್ತಿದೆ ಎಂದರ್ಥ. ಅಂದಹಾಗೆ, ಕೆಲವು ಮೋಡೆಮ್‌ಗಳ ದೀಪ ದತ್ತಾಂಶದ ಒಂದೊಂದು ಬಿಟ್ಟಿಗೂ ತಾಳ ಹಾಕುತ್ತಿತ್ತು. ಬೆಳಕನ್ನು ಗ್ರಹಿಸುವ ಸಾಧನವಿದ್ದರೆ ದೂರದಿಂದಲೇ ಆ ದತ್ತಾಂಶ ಕದಿಯಬಹುದೆಂದು ಇಬ್ಬರು ಸಂಶೋಧಕರು 2002ರಲ್ಲಿ ತೋರಿಸಿಕೊಟ್ಟರು.