ಆಡದೆ ಬಿಟ್ಟ ಫೈನಲ್ ಮತ್ತು ವರ್ಣಭೇದ ನೀತಿ

ಓದುಗರ ಪತ್ರ: 1974ರ ಡೇವಿಸ್ ಕಪ್ ಟೆನಿಸ್ ಫೈನಲ್‌ನಲ್ಲಿ ಎದುರಾಳಿ ದಕ್ಷಿಣ ಆಫ್ರಿಕಾ ಎಂದು ಭಾರತ ಆಡಲೇ ಇಲ್ಲ. ಆಟದಲ್ಲಿ ರಾಜಕೀಯ ಬೆರೆಸಿ ಸಾಧಿಸಿದ್ದೇನು? ಬಹಿಷ್ಕಾರದಿಂದ ನೊಂದವರು ಅಲ್ಲಿನ ಕಪ್ಪುಜನರೇ ಅಲ್ಲವೇ?

ಸಂಪಾದಕರ ಉತ್ತರ: ಆ ಕಪ್ ಇಂದಿಗೂ ನಮ್ಮ ಕೈಸೇರಿಲ್ಲ. ನಮ್ಮ ತಂಡದ ವಿಜಯ್ ಮತ್ತು ಆನಂದ್ ಅಮೃತರಾಜ್ ಸಹೋದರರು ಕಳೆದುಕೊಂಡದ್ದು ಸಣ್ಣದೇನಲ್ಲ. ಆದರೂ ಆ ನಿರ್ಧಾರ ಸರಿ ಎಂದೇ ನನ್ನ ನಂಬಿಕೆ. ಆಟಕ್ಕೆ ರಾಜಕೀಯ ತಂದವರು ನಾವಲ್ಲ. ದಕ್ಷಿಣ ಆಫ್ರಿಕಾದ ಪರ ಯಾರು ಆಡಬೇಕೆಂಬುದನ್ನು ಮೈಬಣ್ಣ ನೋಡಿ ತೀರ್ಮಾನಿಸುತ್ತಿದ್ದರು. ಅಲ್ಲಿನ ಕೇಪ್‌ಟೌನ್‌ನಲ್ಲಿ ಹುಟ್ಟಿದ, ಬಿಳಿಯರಲ್ಲದ ಕ್ರಿಕೆಟಿಗ ಬೇಸಿಲ್ ಡಿ'ಒಲಿವೇರಾ ಟೆಸ್ಟ್ ಆಡಲು ಇಂಗ್ಲೆಂಡಿಗೇ ಹೋಗಬೇಕಾಯಿತು. 1968ರಲ್ಲಿ ಅವರು ಇಂಗ್ಲೆಂಡ್ ತಂಡದೊಡನೆ ಹುಟ್ಟೂರಿಗೆ ಬರುವುದನ್ನೂ ಅಲ್ಲಿನ ಸರ್ಕಾರ ಸಹಿಸಲಿಲ್ಲ; ಪ್ರವಾಸವೇ ರದ್ದಾಯಿತು.

ನಮ್ಮ ನಿಲುವು ಹಳೆಯದು. ಅಲ್ಲಿನ ಭಾರತೀಯರ ಭೂಮಿಯ ಹಕ್ಕನ್ನು ಮೊಟಕುಗೊಳಿಸುವ ಕಾಯ್ದೆ 1946ರಲ್ಲಿ ಬಂದಾಗ, ಸ್ವಾತಂತ್ರ್ಯ ಇನ್ನೂ ಸಿಗದಿದ್ದ ಭಾರತ ವ್ಯಾಪಾರ ನಿಲ್ಲಿಸಿತು, ವಿಶ್ವಸಂಸ್ಥೆಗೆ ದೂರು ಒಯ್ದಿತು.

ಬಲಾಢ್ಯ ದೇಶಗಳು ಮಾತ್ರ ಕಾಲ ತಳ್ಳಿದವು. 1960ರ ಮಾರ್ಚ್ 21ರಂದು ದಕ್ಷಿಣ ಆಫ್ರಿಕಾದ ಶಾರ್ಪ್‌ವಿಲ್‌ನಲ್ಲಿ ಪ್ರತಿಭಟಿಸುತ್ತಿದ್ದ ಕಪ್ಪುಜನರಲ್ಲಿ ಕನಿಷ್ಠ 69 ಮಂದಿ ಪೊಲೀಸರ ಗುಂಡಿಗೆ ಸತ್ತರು. ಭದ್ರತಾ ಮಂಡಳಿ ಕಡ್ಡಾಯ ಶಸ್ತ್ರಾಸ್ತ್ರ ನಿರ್ಬಂಧ ಹೇರಿದ್ದು 1977ರಲ್ಲಿ! ನಮ್ಮವರು ಫೈನಲ್ ಬಿಟ್ಟುಕೊಟ್ಟ ವರ್ಷವೇ, ದಕ್ಷಿಣ ಆಫ್ರಿಕಾವನ್ನು ವಿಶ್ವಸಂಸ್ಥೆಯಿಂದ ಹೊರಹಾಕುವ ನಿರ್ಣಯಕ್ಕೆ ಅಮೆರಿಕ, ಬ್ರಿಟನ್, ಫ್ರಾನ್ಸ್ ಮೂರೂ ಸೇರಿ ವೀಟೊ ಹಾಕಿದವು. ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಆದರೆ 1984ರಲ್ಲಿ ಡಬ್ಲಿನ್‌ನ ಅಂಗಡಿಯೊಂದರ ಕೆಲಸಗಾರರು, ಹೆಚ್ಚಿನವರು ಎಳೆಯ ಹೆಣ್ಣುಮಕ್ಕಳು, ದಕ್ಷಿಣ ಆಫ್ರಿಕಾದ ಹಣ್ಣಿಗೆ ಬಿಲ್ ಹಾಕಲು ಒಪ್ಪದೆ ಮುಷ್ಕರಕ್ಕಿಳಿದರು. ಎರಡೂವರೆ ವರ್ಷ ಪಟ್ಟು ಬಿಡಲಿಲ್ಲ. 1987ರಲ್ಲಿ ಐರ್ಲೆಂಡ್ ಆ ಹಣ್ಣು-ತರಕಾರಿಯ ಆಮದನ್ನೇ ನಿಷೇಧಿಸಿತು.

ಹಣದ ಪೆಟ್ಟು ಬಿದ್ದದ್ದು 1985ರಲ್ಲಿ, ಅಮೆರಿಕದ ಚೇಸ್ ಮ್ಯಾನ್‌ಹಟನ್ ಬ್ಯಾಂಕ್ ದಕ್ಷಿಣ ಆಫ್ರಿಕಾಕ್ಕೆ ಕೊಟ್ಟ ಸಾಲ ಮುಂದುವರಿಸಲು ಒಪ್ಪದಿದ್ದಾಗ. ಮರುವರ್ಷ ಅಧ್ಯಕ್ಷ ರೇಗನ್ ಅವರ ವೀಟೊವನ್ನೇ ತಳ್ಳಿಹಾಕಿ ಅಮೆರಿಕದ ಕಾಂಗ್ರೆಸ್ ನಿರ್ಬಂಧದ ಕಾಯ್ದೆ ತಂದಿತು. ಹೊರಗಿನ ಒತ್ತಡವೊಂದೇ ವರ್ಣಭೇದದ ವ್ಯವಸ್ಥೆಯನ್ನು ಕೆಡವಿತು ಎನ್ನಲಾರೆ. 1976ರಲ್ಲಿ ಬೀದಿಗಿಳಿದ ಸೊವೆಟೊದ ಶಾಲಾಮಕ್ಕಳನ್ನು ಮರೆಯುವುದುಂಟೇ?

ಇನ್ನು ಕಪ್ಪುಜನರ ನೋವು. ಕೆಲಸ ಕಳೆದುಕೊಂಡವರಿದ್ದರು, ನಿಜ. ಆದರೆ "ನಮ್ಮ ದೇಶದ ಸರಕು ಕೊಳ್ಳಬೇಡಿ" ಎಂದು 1959ರಲ್ಲೇ ಲೋಕವನ್ನು ಕೇಳಿಕೊಂಡವರಲ್ಲಿ, ಕಪ್ಪುಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್‌ನ ಅಧ್ಯಕ್ಷ ಆಲ್ಬರ್ಟ್ ಲುಥುಲಿ ಇದ್ದರು. ಕಷ್ಟ ನಮಗೂ ತಟ್ಟುತ್ತದೆ, ಅದನ್ನು ಹೊರಲು ಸಿದ್ಧ ಎಂಬುದೂ ಆ ಮನವಿಯಲ್ಲಿತ್ತು. 1985ರಲ್ಲಿ ಹುಟ್ಟಿದ ಕಾರ್ಮಿಕರ ದೊಡ್ಡ ಒಕ್ಕೂಟ ಕೊಸಾಟು ಕೂಡ ನಿರ್ಬಂಧಗಳ ಪರವೇ ನಿಂತಿತು.