ಸೊಸೆಯ ಪೇಸ್ಟು, ಮುಂಡರಗಿಯ ನೀರು

ಮುಂಬಯಿ ಪಕ್ಕದ ಡೊಂಬಿವಲಿಯಿಂದ ಅಜ್ಜಿಯೊಬ್ಬರು ನಮ್ಮ ಪತ್ರಿಕೆಗೆ ಎರಡು ಹಾಳೆ ತುಂಬ ಬರೆದಿದ್ದಾರೆ. ಹೆಸರು ಹಾಕಬೇಡಿ, ಸೊಸೆ ಓದುತ್ತಾಳೆ ಎಂದಿದ್ದಾರೆ. ಅವರ ಮಾತು ಇಷ್ಟು: 'ನನ್ನ ತವರು ಮುಂಡರಗಿ ಕಡೆ. ಬೋರಿನ ನೀರು ಕುಡಿದು ತಮ್ಮಂದಿರ ಹಲ್ಲೆಲ್ಲ ಕಂದುಗಟ್ಟಿವೆ. ಅದು ಫ್ಲೋರೈಡಿನ ಕೆಲಸ ಅಂದರು. ಈಗ ಸೊಸೆ ಎರಡೂವರೆ ವರ್ಷದ ಮೊಮ್ಮಗಳಿಗೆ ಅದೇ ಫ್ಲೋರೈಡಿನ ಪೇಸ್ಟು ಹಚ್ಚುತ್ತಾಳೆ. ನಾವು ಇದ್ದಿಲು, ಉಪ್ಪಲ್ಲಿ ತಿಕ್ಕಿ ಬೆಳೆದವರು. ಹಾಲು ಹಲ್ಲು ಹೇಗೂ ಬೀಳುತ್ತವೆ. ಈ ವಿಷ ಯಾಕೆ?'

ಅಮ್ಮಾ, ನಿಮ್ಮ ಭಯ ಸುಳ್ಳಲ್ಲ. ಮುಂಡರಗಿ, ಪಾವಗಡ, ಬಾಗೇಪಲ್ಲಿ ಕಡೆಯ ಬೋರ್‌ವೆಲ್ ನೀರು ಎಷ್ಟು ಜನರ ಹಲ್ಲು, ಮೂಳೆ ಕೆಡಿಸಿದೆ ಎಂದು ಗೊತ್ತು. ಆದರೆ ಲೆಕ್ಕ ನೋಡೋಣ. ಕುಡಿಯುವ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5. ಒಂದೂರಿನ ನೀರಲ್ಲಿ 3 ಇದೆ ಅನ್ನಿ. ಮಗು ದಿನಕ್ಕೊಂದು ಲೀಟರ್ ಕುಡಿದರೆ 3 ಮಿಲಿಗ್ರಾಂ ಹೊಟ್ಟೆಗೆ ಹೋಯಿತು, ವರ್ಷವಿಡೀ. ನಿಮ್ಮ ಸೊಸೆ ಹಚ್ಚಬೇಕಾದದ್ದು ಅಕ್ಕಿಕಾಳಿನಷ್ಟು ಪೇಸ್ಟು. ಅದರಲ್ಲಿರುವುದು ಸುಮಾರು 0.1 ಮಿಲಿಗ್ರಾಂ. ಪೂರ್ತಿ ನುಂಗಿದರೂ ಅಷ್ಟೇ. ಮೂರು ವರ್ಷ ದಾಟಿದ ಮೇಲೆ ಬಟಾಣಿಯಷ್ಟು. ಜಾಹೀರಾತಿನಲ್ಲಿ ಬ್ರಷ್ಷಿನ ಈ ತುದಿಯಿಂದ ಆ ತುದಿಗೆ ಹಾವಿನ ಹಾಗೆ ಹಾಕುತ್ತಾರಲ್ಲ, ಅದನ್ನು ಮಾತ್ರ ನೋಡಿ ಕಲಿಯಬೇಡಿ.

ಬೇವಿನ ಕಡ್ಡಿಯನ್ನು ನಾನು ಬೈಯಲ್ಲ. ಇದ್ದಿಲನ್ನು ಸ್ವಲ್ಪ ಬೈಯುತ್ತೇನೆ, ಅದು ಹಲ್ಲನ್ನೇ ಸವೆಸುತ್ತದೆ. ನಿಮ್ಮ ಹಲ್ಲು ಉಳಿದದ್ದು ಇದ್ದಿಲಿನಿಂದಲ್ಲ, ಆಗ ಮನೆಯಲ್ಲಿ ಬಿಸ್ಕತ್ತಿನ ಡಬ್ಬಿ ಇರಲಿಲ್ಲವಲ್ಲ, ಅದರಿಂದ! ಸಿಹಿ ತಿಂದಾಗ ಬಾಯಲ್ಲಿರುವ ಕ್ರಿಮಿಗಳು ಹುಳಿ ಮಾಡುತ್ತವೆ, ಆ ಹುಳಿ ಹಲ್ಲಿನ ಸುಣ್ಣವನ್ನು ಕರಗಿಸುತ್ತದೆ. ಫ್ಲೋರೈಡ್ ಹಲ್ಲಿಗೆ ತಾಗಿಕೊಂಡಿದ್ದರೆ ಹೋದ ಸುಣ್ಣ ಮತ್ತೆ ಸೇರುತ್ತದೆ, ಮೊದಲಿಗಿಂತ ಗಟ್ಟಿಯಾಗಿ. ರಾತ್ರಿ ನಿದ್ದೆಯಲ್ಲಿ ಜೊಲ್ಲು ಕಡಿಮೆ, ಅದಕ್ಕೇ ಮಲಗುವ ಮುಂಚೆ ಉಜ್ಜುವುದು ಜಾಸ್ತಿ ಮುಖ್ಯ. ಉಜ್ಜಿ ಉಗುಳಿದರೆ ಸಾಕು, ನೀರು ತುಂಬಿಕೊಂಡು ಮುಕ್ಕಳಿಸಬಾರದು. ಇದು ನಮ್ಮವರಿಗೆ ಕಷ್ಟ. ನಾನು ಬೆಳೆದ ಗಿರ್‌ಗಾಂವ್ ಚಾಳಿನಲ್ಲಿ ಒಬ್ಬರು ಮುಕ್ಕಳಿಸಿದರೆ ಮೂರು ಮಹಡಿ ಎಚ್ಚರವಾಗುತ್ತಿತ್ತು.

'ಹಾಲು ಹಲ್ಲು ಹೇಗೂ ಬೀಳುತ್ತವೆ' ಎಂದಿರಲ್ಲ, ಆ ಮಾತು ನನಗೆ ಚುಚ್ಚಿತು. ಯಾಕೆಂದರೆ ಅದೇ ಮಾತನ್ನು ನಾನೂ ಆಡಿದ್ದೆ. ಮಗನಿಗೆ ಏಳು ವರ್ಷ. ದೀಪಾವಳಿ ವಿಶೇಷಾಂಕದ ಗಡಿಬಿಡಿ. ಹಿಂದಿನ ಹಲ್ಲು ನೋವು ಅಂದ. ಹಾಲು ಹಲ್ಲು, ಬಿದ್ದು ಹೋಗುತ್ತೆ ಬಿಡು ಅಂದೆ. ಸಂಚಿಕೆ ಹೊರಬಂದ ಮೇಲೆ ದಂತವೈದ್ಯೆಯ ಹತ್ತಿರ ಹೋದೆವು. 'ಇದು ಹಾಲು ಹಲ್ಲಲ್ಲ ಸಾರ್' ಅಂದರು. ಆರು ವರ್ಷದ ಹೊತ್ತಿಗೆ ಹಾಲು ಹಲ್ಲುಗಳ ಹಿಂದೆ, ಏನನ್ನೂ ಬೀಳಿಸದೆ, ಸದ್ದಿಲ್ಲದೆ ಬರುವ ದವಡೆ ಹಲ್ಲದು. ಜೀವನಪೂರ್ತಿ ಇರಬೇಕಾದದ್ದು. ಕೀಳಿಸಬೇಕಾಯಿತು. ಆ ವಿಶೇಷಾಂಕದಲ್ಲಿ ಏನೇನಿತ್ತು ಎಂದು ಈಗ ನೆನಪಿಲ್ಲ. ಇನ್ನು ನಿಜವಾದ ಹಾಲು ದವಡೆ ಹಲ್ಲುಗಳೂ ಹತ್ತು ಹನ್ನೆರಡು ವರ್ಷದವರೆಗೆ ಬಾಯಲ್ಲಿರುತ್ತವೆ. ಅಷ್ಟು ದಿನ ಹುಳುಕು ಹಲ್ಲಲ್ಲಿ ಮಗು ಊಟ ಮಾಡಬೇಕಲ್ವಾ?

ನನ್ನ ಸಿಟ್ಟು ಇರುವುದು ನಿಮ್ಮ ಮೇಲಲ್ಲ, ಪೇಸ್ಟಿನ ಟ್ಯೂಬಿನ ಮೇಲೆ. ನಮ್ಮ ದೇಶದ ಕಾನೂನಿನ ಪ್ರಕಾರ ಫ್ಲೋರೈಡ್ 1000 ಪಿಪಿಎಂ (ಅಂದರೆ ಒಂದು ಗ್ರಾಂ ಪೇಸ್ಟಿಗೆ 1 ಮಿಲಿಗ್ರಾಂ) ಮೀರಬಾರದು, ಎಷ್ಟಿದೆ ಎಂದು ಟ್ಯೂಬಿನ ಮೇಲೆ ಬರೆದಿರಬೇಕು. ಬರೆದಿರುತ್ತಾರೆ, ಇರುವೆ ಓದುವಷ್ಟು ದೊಡ್ಡದಾಗಿ. ಮಕ್ಕಳಿಗೆಂದು ಬೊಂಬೆ ಚಿತ್ರ ಹಾಕಿ ಮಾರುವ ಕೆಲವು ಪೇಸ್ಟುಗಳಲ್ಲಿ ಫ್ಲೋರೈಡೇ ಇರುವುದಿಲ್ಲ. ಸ್ಟ್ರಾಬೆರಿ ವಾಸನೆ ಮಾತ್ರ ಇರುತ್ತದೆ. ನಮ್ಮ ಪತ್ರಿಕೆಯ ಅಕ್ಷರ ಚಿಕ್ಕದು ಎಂದು ತಿಂಗಳು ತಿಂಗಳೂ ಬೈಯುವ ಓದುಗರು ಆ ಕಂಪನಿಗಳಿಗೆ ಒಂದು ಕಾರ್ಡಾದರೂ ಬರೆದಿದ್ದಾರಾ? ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಫ್ಲೋರೈಡ್ ಪೇಸ್ಟನ್ನು ಅಗತ್ಯ ಔಷಧಿಗಳ ಪಟ್ಟಿಗೇ ಸೇರಿಸಿತು. ಇಲ್ಲಿ ಇನ್ನೂ ಹೊಗೆಸೊಪ್ಪು ಹುರಿದು ಪುಡಿ ಮಾಡಿದ ಮಿಶ್ರಿಯನ್ನು ಬೆರಳಲ್ಲಿ ತೆಗೆದು ಹಲ್ಲಿಗೆ ತಿಕ್ಕುವವರಿದ್ದಾರೆ. ಅದನ್ನು ಯಾರೂ ವಿಷ ಅನ್ನುವುದಿಲ್ಲ.

ನಿಮ್ಮ ಸೊಸೆ ಬೆಳಿಗ್ಗೆ ಲೋಕಲ್ ರೈಲು ಹಿಡಿಯುವ ಗಡಿಬಿಡಿಯಲ್ಲೂ ಮಗುವಿನ ಬಾಯಿ ತೆರೆಸಿ ಉಜ್ಜುತ್ತಾಳೆ ಎಂದು ನೀವೇ ಬರೆದಿದ್ದೀರಿ. ಏಳೆಂಟು ವರ್ಷದವರೆಗೂ ದೊಡ್ಡವರ ಕೈ ಬೇಕು. ರಾತ್ರಿಯ ಸರದಿ ನೀವು ತೆಗೆದುಕೊಳ್ಳಿ. ಅದಾದ ಮೇಲೆ ಕದ್ದು ಬಿಸ್ಕತ್ತು ಕೊಡಬೇಡಿ. ಕೊಡುತ್ತೀರಿ ಎಂದು ಪತ್ರದಲ್ಲಿ ಬರೆದಿಲ್ಲ, ಆದರೂ ನನಗೆ ಅನುಮಾನ.

ಹೋದ ತಿಂಗಳ ಪದಬಂಧದ ಬಗ್ಗೆ ನೀವು ಕೊನೆಗೆ ಬರೆದದ್ದು ಸರಿ. ಹನ್ನೊಂದನೇ ಅಡ್ಡಸಾಲಿನ ತಪ್ಪು ನಮ್ಮದೇ.