ಅಯ್ಯನವರ ಅಂಚೆಪೆಟ್ಟಿಗೆ: ಅನ್ಯಭಾಷೆ ಬರದಿದ್ದರೆ ರಕ್ಷಣೆ ಇಲ್ಲವೇ?

ಪ್ರಶ್ನೆ: ಅಯ್ಯನವರೇ, ನಾನು ಹುಟ್ಟಿ ಬೆಳೆದದ್ದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ. ಮದುವೆಯಾದದ್ದು ಪೆಂಟೆಕೋಸ್ಟ್ ಮನೆಗೆ. ಗಂಡ ಒಳ್ಳೆಯವರು, ಯಾವುದಕ್ಕೂ ಬಲವಂತ ಮಾಡುವುದಿಲ್ಲ. ಆದರೆ ಅತ್ತೆ, "ನಿನಗೆ ಅನ್ಯಭಾಷೆ (ಪ್ರಾರ್ಥನೆಯಲ್ಲಿ ಪವಿತ್ರಾತ್ಮನಿಂದ ಬಾಯಿಗೆ ಬರುವ, ಕಲಿಯದ ಮಾತು) ಬಂದಿಲ್ಲ. ಅಂದ್ರೆ ಪವಿತ್ರಾತ್ಮ ಬಂದಿಲ್ಲ. ಅಂದ್ರೆ ರಕ್ಷಣೆ ಇಲ್ಲ" ಎನ್ನುತ್ತಾರೆ. ಶುಕ್ರವಾರದ ಉಪವಾಸ ಪ್ರಾರ್ಥನೆಯಲ್ಲಿ ನನ್ನ ತಲೆ ಮೇಲೆ ಕೈಯಿಟ್ಟು "ಬಾಯಿ ಬಿಡು, ಬಾಯಿ ಬಿಡು" ಎನ್ನುತ್ತಾರೆ. ಹೋದ ವಾರ ತಡೆಯಲಾರದೆ ಸುಮ್ನೆ ಏನೋ ಬಡಬಡಿಸಿಬಿಟ್ಟೆ. ಎಲ್ಲರೂ "ಸ್ತೋತ್ರ, ಸ್ತೋತ್ರ" ಎಂದರು. ಅತ್ತೆ ಅತ್ತೇಬಿಟ್ಟರು. ಅಂದಿನಿಂದ ನನಗೆ ನಿದ್ದೆಯಿಲ್ಲ. ಪವಿತ್ರಾತ್ಮನಿಗೆ ವಿರೋಧವಾದ ಪಾಪ ಮಾಡಿದೆನೇ?
- ಓದುಗಿ, ಹಾಸನ

ಉತ್ತರ: ಕೊನೆಯ ಸಾಲಿಗೆ ಮೊದಲು ಉತ್ತರ ಹೇಳುತ್ತೇನೆ, ಈ ರಾತ್ರಿ ನೀನು ಮಲಗಬೇಕಲ್ಲ. (ನನ್ನ ಮಗಳ ವಯಸ್ಸು ಇರಬಹುದು, ಏಕವಚನ ಇರಲಿ.) ಇಲ್ಲಮ್ಮ, ನೀನು ಆ ಪಾಪ ಮಾಡಿಲ್ಲ. ಮಾರ್ಕನ 3ನೇ ಅಧ್ಯಾಯ ತೆಗೆದು ಓದು. ಯೇಸು ದೆವ್ವ ಬಿಡಿಸುತ್ತಿರುವುದು ಕಣ್ಣೆದುರಿಗೇ ಇದ್ದರೂ ಶಾಸ್ತ್ರಿಗಳು ಅದನ್ನು ಸೈತಾನನ ಕೆಲಸ ಎಂದರು. ಪವಿತ್ರಾತ್ಮನಿಗೆ ವಿರೋಧವಾದ ಪಾಪಕ್ಕೆ ಕ್ಷಮೆಯಿಲ್ಲ ಎಂಬ ಯೇಸುವಿನ ಮಾತು ಬಂದದ್ದು ಅವರ ಮೇಲೆ. ನಿನ್ನದು ಹತ್ತು ಜನ ಸುತ್ತ ನಿಂತು ಬಾಯಿ ಬಿಡು ಎಂದಾಗ ಬಾಯಿಬಿಟ್ಟದ್ದು. ದೇವರ ಮುಂದೆ ಹೇಳಿಕೋ. ಗಂಡನಿಗೂ ಹೇಳು. ಅತ್ತೆಗೆ ಯಾವಾಗ ಹೇಳಬೇಕು ಅನ್ನೋದು ನಿಮ್ಮಿಬ್ಬರಿಗೆ ಬಿಟ್ಟದ್ದು.

ಇನ್ನು ಅತ್ತೆಯವರ ಮಾತು. ಅದರಲ್ಲಿ ಎರಡು "ಅಂದ್ರೆ" ಇವೆ, ನೋಡಿದೆಯಾ? ಗಂಟು ಬಿದ್ದಿರುವುದು ಅಲ್ಲೇ.

ಮೊದಲನೆಯ "ಅಂದ್ರೆ", ಅನ್ಯಭಾಷೆ ಬಂದರೇನೇ ಪವಿತ್ರಾತ್ಮನ ದೀಕ್ಷಾಸ್ನಾನ (ನೀರಿನದಲ್ಲ, ಪವಿತ್ರಾತ್ಮ ಬಂದು ತುಂಬುವುದು) ಆದ ಹಾಗೆ ಅನ್ನೋದು. ಇದನ್ನು ಪೆಂಟೆಕೋಸ್ಟಿನ ಬಹಳ ಜನ ಮನಸಾರೆ ನಂಬುತ್ತಾರೆ. ಅಪೊಸ್ತಲರ ಕೃತ್ಯಗಳಲ್ಲಿ ಕೊರ್ನೇಲ್ಯನ ಮನೆಯಲ್ಲೂ ಎಫೆಸದಲ್ಲೂ ಹಾಗೇ ಆಯಿತಲ್ಲ ಎನ್ನುತ್ತಾರೆ. ಆಯಿತು, ನಿಜ. ಆದರೆ ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದ ಪಂಚಾಶತ್ತಮ ದಿನದಲ್ಲಿ ದೀಕ್ಷಾಸ್ನಾನ ಪಡೆದ ಮೂರು ಸಾವಿರ ಜನ ಅನ್ಯಭಾಷೆ ಆಡಿದರು ಎಂದು ಅದೇ ಪುಸ್ತಕ ಎಲ್ಲೂ ಹೇಳುವುದಿಲ್ಲ. ಪೌಲನಂತೂ 1 ಕೊರಿಂಥ 12ರ ಕೊನೆಯಲ್ಲಿ, ಎಲ್ಲರೂ ಆಡುತ್ತಾರೋ ಎಂದು ಕೇಳುತ್ತಾನೆ. ಇಲ್ಲ ಎಂಬ ಉತ್ತರ ಆ ಪ್ರಶ್ನೆಯ ಒಳಗೇ ಇದೆ. ನಮ್ಮ ಹಳೆಯ ಸತ್ಯವೇದದಲ್ಲಿ ಅಲ್ಲಿ "ವಾಣಿ" ಎಂಬ ಮಾತಿದೆ. ನನಗೆ ಅದೇ ಇಷ್ಟ. ಅನ್ಯಭಾಷೆ ಅಂದಕೂಡಲೇ ಯಾಕೋ ಪರೀಕ್ಷೆಯ ಪೇಪರು ನೆನಪಾಗುತ್ತದೆ.

ಈ ಬೋಧನೆಯ ಕಥೆ ಹೇಳುವವರು ಅಮೆರಿಕದಿಂದ ಶುರು ಮಾಡುತ್ತಾರೆ. 1901ರ ಜನವರಿಯಲ್ಲಿ ಟೊಪೀಕ ಊರಿನ ಬೈಬಲ್ ಶಾಲೆ, 1906ರಲ್ಲಿ ಲಾಸ್ ಏಂಜಲೀಸಿನ ಅಜುಸಾ ಬೀದಿ. ನಾನು ನಿನಗೆ ಹತ್ತಿರದ್ದನ್ನೇ ಹೇಳುತ್ತೇನೆ. ಪುಣೆಯ ಬಳಿ ಕೇಡಗಾಂವ್‌ನಲ್ಲಿ ಪಂಡಿತಾ ರಮಾಬಾಯಿಯವರ ಮುಕ್ತಿ ಆಶ್ರಮ ಇದೆ. ರಮಾಬಾಯಿ ಹುಟ್ಟಿದ್ದು ನಮ್ಮ ಘಟ್ಟದ ಗಂಗಾಮೂಲದಲ್ಲಿ, 1858ರಲ್ಲಿ. ಅವರ ಆಶ್ರಮದಲ್ಲಿ 1905ರಲ್ಲಿ ದೊಡ್ಡ ಉಜ್ಜೀವನ ಆಯಿತು. ವಿಧವೆಯರು, ಅನಾಥ ಹುಡುಗಿಯರು ರಾತ್ರಿಯೆಲ್ಲ ಅತ್ತು ಪ್ರಾರ್ಥನೆ ಮಾಡಿದರು. ಆಮೇಲೆ ಕೆಲವರಿಗೆ ವಾಣಿಯ ವರವೂ ಬಂತು. ರಮಾಬಾಯಿ ತಡೆಯಲಿಲ್ಲ, ಗೇಲಿ ಮಾಡಲೂ ಬಿಡಲಿಲ್ಲ. ಆದರೆ ಪವಿತ್ರಾತ್ಮನ ದೀಕ್ಷಾಸ್ನಾನಕ್ಕೆ ಬೇಕೇ ಬೇಕಾದ ಗುರುತು ಅದು ಎಂದು ಅವರು ಒಪ್ಪಲಿಲ್ಲ. ಅದಕ್ಕೆ ಗುರುತು ಪ್ರೀತಿ ಎಂದರು. ಅತ್ತೆಯ ಜೊತೆ ಕೂತು ಈ ಕಥೆ ಹೇಳು. ವಾದಕ್ಕೆ ಬೇಡ, ಕಥೆಯಾಗಿ ಹೇಳು.

ಎರಡನೆಯ "ಅಂದ್ರೆ" ಇನ್ನೂ ಸಡಿಲ. ಪೆಂಟೆಕೋಸ್ಟಿನವರಲ್ಲೇ ಹೆಚ್ಚಿನವರು ಅದನ್ನು ಹೇಳುವುದಿಲ್ಲ. ಅಸೆಂಬ್ಲೀಸ್ ಆಫ್ ಗಾಡ್ ಎಂಬ ಪೆಂಟೆಕೋಸ್ಟ್ ಪಂಗಡದವರು 1916ರಲ್ಲಿ ತಮ್ಮ ನಂಬಿಕೆಯನ್ನು ಬರೆದಿಟ್ಟರು. ಅನ್ಯಭಾಷೆ ಪವಿತ್ರಾತ್ಮನ ದೀಕ್ಷಾಸ್ನಾನದ ಮೊದಲ ಹೊರಗುರುತು ಎಂದರು. ಆದರೆ ಆ ದೀಕ್ಷಾಸ್ನಾನ ಹೊಸ ಹುಟ್ಟಿಗಿಂತ ಬೇರೆ, ಅದರ ನಂತರ ಬರುವಂಥದ್ದು ಎಂದೂ ಹೇಳಿದರು. ರಕ್ಷಣೆ ಮೊದಲೇ ಆಗಿರುತ್ತದೆ, ಅಲ್ವಾ? ಎರಡನ್ನೂ ಸೇರಿಸಿ ಬೋಧಿಸುವವರು ಯೇಸುವಿನ ನಾಮದಲ್ಲಿ ಮಾತ್ರ ದೀಕ್ಷಾಸ್ನಾನ ಕೊಡುವ ಏಕತ್ವದ ಗುಂಪಿನವರು. ಅತ್ತೆಯ ಸಭೆ ಯಾವುದು ಎಂದು ನೀನು ಬರೆದಿಲ್ಲ. ಗಂಡನನ್ನು ಕಳಿಸಿ ಅವರ ಪಾಸ್ಟರನ್ನೇ ಕೇಳಿಸು. ಅತ್ತೆಯವರ ಮಾತು ಅವರ ಪಾಸ್ಟರಿಗೇ ಹೊಸದಾಗಿ ಕೇಳಿಸಿದರೆ ನನಗೇನೂ ಆಶ್ಚರ್ಯವಿಲ್ಲ.

ಹಾಗಂತ ನಾವು ಸಿ.ಎಸ್.ಐ.ನವರು ಸಾಚಾ ಅಂದುಕೊಳ್ಳಬೇಡ. ಸುಮಾರು 30 ವರ್ಷದ ಹಿಂದೆ ನಾನಿದ್ದ ಸಭೆಯಲ್ಲಿ ಒಬ್ಬರು ಅಜ್ಜಿ ಇದ್ದರು. ಗುರುವಾರದ ಪ್ರಾರ್ಥನಾಕೂಟಕ್ಕೆ ಬಂದು ಹಿಂದಿನ ಬೆಂಚಿನಲ್ಲಿ ಸೆರಗು ಹೊದ್ದು ಕೂರುತ್ತಿದ್ದರು. ಸಣ್ಣ ದನಿಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದರು. ಕನ್ನಡವಲ್ಲ, ತಮಿಳೂ ಅಲ್ಲ. ಕಮಿಟಿಯವರು ದೂರು ತಂದರು. ನಾನೂ ಹೋಗಿ, "ಅಮ್ಮಾ, ಅದನ್ನ ಮನೇಲಿ ಮಾಡ್ಕೊಳ್ಳಿ" ಎಂದೆ. "ಆಯ್ತು ಅಯ್ಯನೋರೆ" ಎಂದರು. ಮುಂದಿನ ಗುರುವಾರ ಬಂದರು. ಸೆರಗನ್ನು ಬಾಯಿಗೆ ಒತ್ತಿ ಹಿಡಿದುಕೊಂಡು ಒಂದು ಗಂಟೆ ಕೂತಿದ್ದರು. ಆಮೇಲೆ ಬರಲೇ ಇಲ್ಲ. ಅನ್ಯಭಾಷೆಗೆ ಅಡ್ಡಿ ಮಾಡಬೇಡಿ ಎಂದು ಅದೇ 1 ಕೊರಿಂಥದ 14ನೇ ಅಧ್ಯಾಯ ಹೇಳುತ್ತದೆ, 39ನೇ ವಚನ. ನಾನು ಅದರ ಮೇಲೆ ಪ್ರಸಂಗವನ್ನೂ ಮಾಡಿದ್ದೆ. ನಿನ್ನ ಬಾಯಿ ಬಿಡಿಸಿದವರ ಮೇಲೆ ನಾನು ಜಾಸ್ತಿ ಕೋಪ ಮಾಡಿಕೊಳ್ಳಲಾರೆ. ಒಬ್ಬರ ಬಾಯಿ ನಾನು ಮುಚ್ಚಿಸಿದ್ದೇನೆ.

ಮುಂದಿನ ಶುಕ್ರವಾರಕ್ಕೆ ಒಂದು ಮಾತು. ಅಪೊಸ್ತಲರು ತಲೆ ಮೇಲೆ ಕೈಯಿಟ್ಟರು, ಆದರೆ ಯಾರಿಗೂ ಬಾಯಿಪಾಠ ಹೇಳಿಕೊಟ್ಟಿದ್ದನ್ನು ನಾನು ಓದಿಲ್ಲ. "ಅತ್ತೆ, ನನಗಾಗಿ ಪ್ರಾರ್ಥನೆ ಮಾಡಿ, ಕೈಯಿಡಿ. ದೇವರು ಕೊಟ್ಟರೆ ತಗೋತೀನಿ. ಆದರೆ ಇನ್ನೊಂದು ಸಲ ನಾಟಕ ಆಡೋಕೆ ನನಗೆ ಭಯ" ಎಂದು ಹೇಳು. ದೇವರ ಭಯ ಎಂಬ ಮಾತು ಅವರಿಗೆ ಅರ್ಥವಾಗುತ್ತದೆ.

ಪ್ರಶ್ನೆ: ಒಮ್ಮೆ ಸಿಕ್ಕ ರಕ್ಷಣೆ ಕಳೆದುಹೋಗುತ್ತದೆಯೇ? ನಾನೂ ನನ್ನ ಸ್ನೇಹಿತನೂ ಇದೇ ಮಾತಿಗೆ ಎರಡು ತಿಂಗಳಿಂದ ಟೀ ಕುಡಿಯಲು ಜೊತೆಗೆ ಹೋಗುತ್ತಿಲ್ಲ.
- ಓದುಗ, ಮಂಡ್ಯ

ಉತ್ತರ: ಎರಡೇ ತಿಂಗಳಾ? 1618ರಲ್ಲಿ ಹಾಲೆಂಡಿನ ಡಾರ್ಟ್ ಊರಿನಲ್ಲಿ ಇದಕ್ಕೂ ಇದರ ಅಕ್ಕಪಕ್ಕದ ಪ್ರಶ್ನೆಗಳಿಗೂ ಆರು ತಿಂಗಳು ಸಭೆ ನಡೆಸಿದರು. ದೇವರು ಆರಿಸಿಕೊಂಡವರು ಕೊನೆಗೂ ಕೈತಪ್ಪುವುದಿಲ್ಲ ಎಂದು ತೀರ್ಮಾನಿಸಿದರು. ಮುಂದಿನ ಶತಮಾನದಲ್ಲಿ ಮೆಥಡಿಸ್ಟರ ಮೂಲಪುರುಷ ಜಾನ್ ವೆಸ್ಲಿ ಅದನ್ನು ಒಪ್ಪಲಿಲ್ಲ, ಬೀಳುವವರು ಬೀಳಬಹುದು ಎಂದರು. ಒಬ್ಬರ ಕೈಯಲ್ಲಿ ಯೋಹಾನ 10 (ನನ್ನ ಕುರಿಗಳನ್ನು ನನ್ನ ಕೈಯಿಂದ ಯಾರೂ ಕಿತ್ತುಕೊಳ್ಳಲಾರರು), ಇನ್ನೊಬ್ಬರ ಕೈಯಲ್ಲಿ ಇಬ್ರಿಯ 6 (ಬಿದ್ದುಹೋದವರ ಬಗ್ಗೆ ಎಚ್ಚರಿಕೆ). ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನವರ ಮೂಲ ಮೊದಲನೆಯ ಕಡೆ, ಮೈಸೂರಿಗೆ ಬಂದ ವೆಸ್ಲಿಯನರದು ಎರಡನೆಯ ಕಡೆ. 1947ರಲ್ಲಿ ಸಿ.ಎಸ್.ಐ. ಆದಾಗ ಇಬ್ಬರೂ ಈ ಜಗಳ ತೀರಿಸದೆಯೇ ಒಂದೇ ಮೇಜಿನಲ್ಲಿ ರೊಟ್ಟಿ ಮುರಿದರು. ನಾನು ವೆಸ್ಲಿಯ ಕಡೆ ವಾಲುತ್ತೇನೆ, ಆದರೆ ಆಸ್ಪತ್ರೆಯಲ್ಲಿ ಸಾಯುತ್ತಿರುವವರ ಹತ್ತಿರ ಯಾವತ್ತೂ ಯೋಹಾನ 10ನ್ನೇ ಓದಿದ್ದೇನೆ. ಇದನ್ನು ನಿಮ್ಮ ಸ್ನೇಹಿತರಿಗೆ ತೋರಿಸಿ. ಟೀ ದುಡ್ಡು ನೀವೇ ಕೊಡಿ.